ಕಂಠವಿಲ್ಲದ ಮೆಟಲ್: ಜಪಾನಿನ ಗಿಟಾರ್ ವಾದಕಿಯರನ್ನು ಕೇಳುವುದು ಹೇಗೆ?

ಪ್ರಶ್ನೆ: ಕಾಲೇಜಿನ ದಿನಗಳಿಂದ ನಾನು ಹೆವಿ ಮೆಟಲ್ ಕೇಳುತ್ತಾ ಬಂದಿದ್ದೇನೆ. ಇತ್ತೀಚೆಗೆ ಜಪಾನಿನ ಡಿ-ಡ್ರೈವ್ ಎಂಬ ತಂಡದ ವಿಡಿಯೊ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಅದರಲ್ಲಿ ಹಾಡುವವರೇ ಇಲ್ಲ. ಇಬ್ಬರು ಗಿಟಾರ್ ವಾದಕರ ಪೈಕಿ ಒಬ್ಬರು ಮಹಿಳೆ, ಅವರ ಕೈಚಳಕ ಕಂಡು ದಂಗಾದೆ. ಅಂದಿನಿಂದ ಅಂಥ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದೇನೆ. ಜಪಾನಿನಲ್ಲೇ ಇಷ್ಟೊಂದು ವಾದ್ಯ ಮೆಟಲ್ ಏಕೆ ಬೆಳೆಯಿತು, ಅದರಲ್ಲೂ ಮಹಿಳೆಯರು ಇಷ್ಟು ಮಂದಿ ಹೇಗೆ ಬಂದರು? ಯಾರನ್ನು, ಯಾವ ಕ್ರಮದಲ್ಲಿ ಕೇಳಬೇಕು? ಇನ್ನೊಂದು ಮಾತು: ನಾಲ್ಕೈದು ಕೃತಿಗಳಾಗುವಷ್ಟರಲ್ಲಿ ಎಲ್ಲವೂ ಒಂದೇ ಎಂಬಂತೆ ಕೇಳಿಸತೊಡಗುತ್ತದೆ. ದೋಷ ನನ್ನ ಕಿವಿಯದೋ, ಸಂಗೀತದ್ದೋ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಬಗೆಹರಿಸಿಕೊಳ್ಳದೆ ಇನ್ನಷ್ಟು ತಂಡಗಳ ಹೆಸರು ಕೊಟ್ಟರೆ ನಿಮ್ಮ ದಣಿವು ಹೆಚ್ಚೀತೇ ಹೊರತು ತಗ್ಗದು. ಹಾಡುಗಾರರಿರುವ ಸಂಗೀತದಲ್ಲಿ ನಮ್ಮ ಮನಸ್ಸು ತಾನಾಗಿ ಮಾತಿಗೆ ಜೋತು ಬೀಳುತ್ತದೆ. ಮಾತು ಅರ್ಥವಾಗದಿದ್ದರೂ ಉಸಿರು ಎಲ್ಲಿ ತೆಗೆದುಕೊಂಡರು, ಸಾಲು ಎಲ್ಲಿ ಮುಗಿಯಿತು ಎಂಬುದು ತಿಳಿಯುತ್ತಲೇ ಇರುತ್ತದೆ. ಆ ಕಂಠವನ್ನು ತೆಗೆದುಬಿಟ್ಟಾಗ, ಹಿಡಿದುಕೊಳ್ಳಲು ಬೇರೇನೂ ಕಾಣದ ಮನಸ್ಸು ವೇಗವನ್ನು ಹಿಡಿದುಕೊಳ್ಳುತ್ತದೆ. ವೇಗಕ್ಕೆ ಬೆರಗಾಗುವ ಶಕ್ತಿ ಯಾರಲ್ಲಿಯೂ ಹತ್ತು ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ನಿಮಗೆ ಆಗುತ್ತಿರುವುದು ಇದೇ. ಈ ಪ್ರಕಾರದ ಒಳ್ಳೆಯ ತಂಡಗಳೆಲ್ಲ ಗಿಟಾರನ್ನು ಕಂಠದ ಜಾಗದಲ್ಲಿ ಕೂರಿಸಿವೆ. ಅದನ್ನು ಹಾಡುಗಾರ್ತಿಯಂತೆ ಕೇಳಿದರೆ ಮಾತ್ರ ಒಂದು ಕೃತಿ ಇನ್ನೊಂದರಿಂದ ಬೇರೆಯಾಗಿ ನಿಲ್ಲುತ್ತದೆ.

ಇದಕ್ಕೆ ಒಂದು ಸರಳ ಉಪಾಯವಿದೆ. ಯಾವುದೇ ಕೃತಿಯನ್ನು ಮೊದಲ ಸಲ ಕೇಳುವಾಗ ಸೋಲೊ, ಅಂದರೆ ಒಬ್ಬರೇ ಮಿಂಚುವ ಭಾಗ, ಎಲ್ಲಿ ಬರುತ್ತದೆಂದು ಕಾಯದೆ, ಮರಳಿ ಮರಳಿ ಬರುವ ಮುಖ್ಯ ರಾಗಪಂಕ್ತಿ ಯಾವುದೆಂದು ಹುಡುಕಿ. ಇವುಗಳ ರಚನೆ ನಮಗೆ ಅಪರಿಚಿತವಾದುದೇನಲ್ಲ: ಭಾರವಾದ ರಿಫ್, ಅಂದರೆ ಮರುಕಳಿಸುವ ಗಿಟಾರ್ ತುಣುಕು, ಒಂದು ನೆಲ ಹಾಸುತ್ತದೆ, ಅದರ ಮೇಲೆ ಪಲ್ಲವಿಯಂಥ ಒಂದು ಪಂಕ್ತಿ ಏಳುತ್ತದೆ, ಅನುಪಲ್ಲವಿಯಂತೆ ಮೇಲಿನ ಸ್ವರಗಳಿಗೆ ಹೋಗಿ ಬರುವ ಇನ್ನೊಂದು ಭಾಗವಿರುತ್ತದೆ, ನಡುವೆ ಮನೋಧರ್ಮದ ವಿಸ್ತಾರವಿರುತ್ತದೆ, ಕೊನೆಗೆ ಪಲ್ಲವಿ ಮರಳುತ್ತದೆ. ಎರಡನೆಯ ಸಲ ಕೇಳಿದ ಬಳಿಕ ಆ ಪಂಕ್ತಿಯನ್ನು ನೀವು ಗುನುಗಬಲ್ಲಿರಾದರೆ ಆ ಕೃತಿ ನಿಮ್ಮದಾಯಿತು. ಮೂರು ಸಲ ಕೇಳಿದರೂ ಗುನುಗಲು ಏನೂ ಸಿಗದಿದ್ದರೆ, ಅದನ್ನು ನಿಸ್ಸಂಕೋಚವಾಗಿ ಬಿಟ್ಟು ಮುಂದೆ ಹೋಗಿ. ವೇಗವೊಂದನ್ನೇ ನಂಬಿದ ಕೃತಿಗಳು ಜಪಾನಿನಲ್ಲಿಯೂ ಸಾಕಷ್ಟಿವೆ.

ನನ್ನ ಸೋದರತ್ತೆ ಐವತ್ತು ವರ್ಷಗಳಿಂದ ವೀಣೆ ನುಡಿಸುತ್ತಿರುವವರು. ಒಮ್ಮೆ ಅವರ ಎದುರಿಗೆ ಈ ಬಗೆಯ ಒಂದು ಕೃತಿಯನ್ನು ಹಾಕಿದ್ದೆ. ಡ್ರಮ್ಸ್‌ನ ಅಬ್ಬರಕ್ಕೆ ಮುಖ ಕಿವುಚಿದರೂ ಅರ್ಧ ನಿಮಿಷದಲ್ಲಿ, "ಇದು ಕೀರವಾಣಿಯಲ್ಲವೇನೋ? ಸ್ವರ ಸರಿಯಾಗಿದೆ, ಗಮಕ ಎಲ್ಲಿ ಹೋಯಿತು?" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಪಾಶ್ಚಾತ್ಯರು ಹಾರ್ಮೋನಿಕ್ ಮೈನರ್ ಎಂದು ಕರೆಯುವ ಸ್ವರಶ್ರೇಣಿಯೇ ನಮ್ಮ ಕೀರವಾಣಿ ಮೇಳ. ಯುರೋಪಿನ ಬರೋಕ್ ಕಾಲದ (ಹದಿನೇಳು-ಹದಿನೆಂಟನೆಯ ಶತಮಾನ) ಪಿಟೀಲು ಸಂಗೀತದ ಜಾಡಿನಲ್ಲಿ ನಡೆಯುವ ನಿಯೋಕ್ಲಾಸಿಕಲ್ ಮೆಟಲ್ ಬಹುಪಾಲು ಬದುಕಿರುವುದು ಅದರಲ್ಲಿಯೇ. ಅದೇ ಶ್ರೇಣಿಯನ್ನು ಪಂಚಮದಿಂದ ಆರಂಭಿಸಿದರೆ ವಕುಳಾಭರಣ ಹುಟ್ಟುತ್ತದೆ. ಅದೂ ಈ ಸಂಗೀತದಲ್ಲಿ ಹೇರಳವಾಗಿ ಕೇಳಸಿಗುತ್ತದೆ. ಜಪಾನಿನದೇ ಆದ ಮಿಯಾಕೊ-ಬುಶಿ ಶ್ರೇಣಿಯಲ್ಲಿ ಸ ರಿ ಮ ಪ ದ ಎಂಬ ಐದೇ ಸ್ವರಗಳಿದ್ದು, ರಿಷಭ ಮತ್ತು ಧೈವತಗಳೆರಡೂ ಕೋಮಲವಾಗಿರುವುದರಿಂದ, ಹಿಂದೂಸ್ತಾನಿ ಸಂಗೀತ ಬಲ್ಲ ಧಾರವಾಡದ ಕಡೆಯ ಕೇಳುಗರಿಗೆ ಅಲ್ಲಿ ಗುಣಕಲಿಯ ನೆರಳು ಕಂಡೀತು.

ಗಮಕದ ಪ್ರಶ್ನೆಗೆ ಉತ್ತರವಾಗಿ ನಾನು ಅತ್ತೆಗೆ ನಿಧಾನಗತಿಯ ಇನ್ನೊಂದು ಕೃತಿಯನ್ನು ತೋರಿಸಿದೆ, ಈ ಬಾರಿ ಕಿವಿಗಷ್ಟೇ ಅಲ್ಲದೆ ಕಣ್ಣಿಗೂ. ವಾದಕಿಯ ಎಡಗೈಯ ಉಂಗುರ ಬೆರಳು ತಂತಿಯನ್ನು ಒಂದು ಮೆಟ್ಟಿಲಿನ ಮೇಲೆ ಒತ್ತಿ, ಹಿಂದಿನ ಎರಡು ಬೆರಳುಗಳ ಆಸರೆಯೊಂದಿಗೆ ಆ ತಂತಿಯನ್ನು ಮೇಲಕ್ಕೆ ತಳ್ಳುತ್ತದೆ. ಸ್ವರ ಒಂದು ಸ್ಥಾನದಿಂದ ಮುಂದಿನದಕ್ಕೆ ಜಾರುತ್ತಾ ಏರುತ್ತದೆ, ಅಲ್ಲಿ ಒಂದು ಕ್ಷಣ ಅಲುಗದೆ ನಿಲ್ಲುತ್ತದೆ, ಬಳಿಕ ಮಣಿಕಟ್ಟು ಮೆಲ್ಲನೆ ತಿರುಗಿದಂತೆ ಕಂಪಿಸತೊಡಗುತ್ತದೆ. ಗಿಟಾರ್‌ನವರು ಮೊದಲನೆಯದನ್ನು ಬೆಂಡ್ ಎಂದೂ ಎರಡನೆಯದನ್ನು ವೈಬ್ರಾಟೊ ಎಂದೂ ಕರೆಯುತ್ತಾರೆ. ಅತ್ತೆ ಏನೂ ಮಾತನಾಡದೆ ತಮ್ಮ ಎಡಗೈಯನ್ನು ಗಾಳಿಯಲ್ಲಿ ಹಿಡಿದು ತಂತಿಯನ್ನು ಎಳೆಯುವಂತೆ ಬೆರಳು ಆಡಿಸಿದರು. ನಾನು ಹೇಳಬೇಕಾದುದೆಲ್ಲ ಆ ಬೆರಳಿನಲ್ಲಿತ್ತು. ವಾದಕರ ನಿಜವಾದ ಹಸ್ತಾಕ್ಷರ ಇರುವುದು ಇಲ್ಲಿಯೇ: ತಳ್ಳಿದ ಸ್ವರ ಗುರಿಯ ಸ್ಥಾನವನ್ನು ನಿಖರವಾಗಿ ಮುಟ್ಟಿತೇ, ಕಂಪನ ಎಷ್ಟು ಅಗಲ, ಅದು ಎಷ್ಟು ತಡವಾಗಿ ಆರಂಭವಾಯಿತು? ಸೆಕೆಂಡಿಗೆ ಹದಿನೈದು ಸ್ವರ ನುಡಿಸುವ ಇಬ್ಬರನ್ನು ಪ್ರತ್ಯೇಕಿಸುವುದು ಕಷ್ಟ. ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿದ ಇಬ್ಬರನ್ನು ಎಂಥವರೂ ಗುರುತಿಸಬಲ್ಲರು.

ಈ ಕಿವಿಯೊಂದಿಗೆ ನೀವು ಡಿ-ಡ್ರೈವ್‌ಗೆ ಮರಳಬೇಕು. ನಿಮ್ಮ ಆಕಸ್ಮಿಕ ನಿಮ್ಮನ್ನು ಅತ್ಯುತ್ತಮ ಬಾಗಿಲಿಗೇ ತಂದು ನಿಲ್ಲಿಸಿದೆ. ಒಸಾಕಾದ ಕಡೆಯಿಂದ ಬಂದ ಈ ನಾಲ್ವರ ತಂಡದಲ್ಲಿ ಸೇಜಿ ಮತ್ತು ಯೂಕಿ ಗಿಟಾರ್ ನುಡಿಸುತ್ತಾರೆ. ಡ್ರಮ್ಸ್ ಹಿಂದಿರುವ ಚೀಕೊ ಕೂಡ ಮಹಿಳೆಯೇ. ಆಂಪ್ಲಿಫೈಯರ್ ತಯಾರಿಕೆಗೆ ಹೆಸರಾದ ಬ್ರಿಟನ್ನಿನ ಮಾರ್ಷಲ್ ಸಂಸ್ಥೆಯ ಧ್ವನಿಮುದ್ರಣ ವಿಭಾಗ 2019ರಲ್ಲಿ ಅವರ 'ಮ್ಯಾಕ್ಸಿಮಮ್ ಇಂಪ್ಯಾಕ್ಟ್' ಆಲ್ಬಮ್ ಹೊರತಂದ ಮೇಲೆ ಅವರ ಹೆಸರು ಜಪಾನಿನಾಚೆಗೂ ಹಬ್ಬಿತು. ಇಲ್ಲಿ ಒಬ್ಬರು ನಾಯಕರು, ಇನ್ನೊಬ್ಬರು ಪಕ್ಕವಾದ್ಯ ಎಂಬ ಹಂಚಿಕೆಯಿಲ್ಲ. ಯೂಕಿ ಪಂಕ್ತಿಯನ್ನು ಹಾಡುವಾಗ ಸೇಜಿ ಅಂಗೈಯ ಅಂಚನ್ನು ತಂತಿಗಳು ಕೂರುವ ಬ್ರಿಜ್‌ನ ಮೇಲೆ ಊರಿ ತಂತಿಗಳ ನಾದವನ್ನು ಅರ್ಧ ಮುಚ್ಚಿ ಲಯ ಹಿಡಿಯುತ್ತಾರೆ, ಕೆಲವೇ ಆವರ್ತಗಳಲ್ಲಿ ಪಾತ್ರಗಳು ಅದಲುಬದಲಾಗುತ್ತವೆ, ಮತ್ತೆ ಇಬ್ಬರೂ ಸೇರುತ್ತಾರೆ. ಸೇರಿದಾಗ ಆಗುವುದು ನಮ್ಮ ಜುಗಲ್‌ಬಂದಿಗಿಂತ ಭಿನ್ನವಾದ ಸಂಗತಿ: ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಗಾಂಧಾರದಲ್ಲಿರುತ್ತಾರೆ, ಅವರು ರಿಷಭಕ್ಕೆ ಏರಿದರೆ ಇವರು ಮಧ್ಯಮಕ್ಕೆ ಏರುತ್ತಾರೆ, ಹೀಗೆ ಒಂದೇ ಪಂಕ್ತಿಗೆ ಎರಡು ದಡಗಳು ಮೂಡುತ್ತವೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ನುಡಿಸಿದಾಗ ಅಲ್ಲಿದ್ದ ಸಾವಿರಾರು ಜನರು ಕಂಠವೆತ್ತಿ ಗುನುಗಿದ್ದು ಇಂಥ ಜೋಡಿ ಗಿಟಾರ್‌ಗಳ ಪಂಕ್ತಿಗಳನ್ನೇ. ಆ ಪರಂಪರೆಯಿಂದ ಹಾಡುಗಾರಿಕೆಯನ್ನು ಪೂರ್ತಿ ಬಿಟ್ಟುಕೊಟ್ಟು, ಜೋಡಿ ಗಿಟಾರನ್ನಷ್ಟೇ ಉಳಿಸಿಕೊಂಡರೆ ಏನಾಗಬಹುದೋ ಅದು ಡಿ-ಡ್ರೈವ್. 'ಕ್ಯಾಸಿಸ್ ಆರೆಂಜ್' ಕೃತಿಯನ್ನು ಹೆಡ್‌ಫೋನ್‌ನಲ್ಲಿ ಕೇಳಿ, ಒಮ್ಮೆ ಎಡಗಿವಿಗೂ ಒಮ್ಮೆ ಬಲಗಿವಿಗೂ ಮಾತ್ರ ಗಮನ ಕೊಟ್ಟು ನೋಡಿ.

ಜಪಾನಿನಲ್ಲೇ ಏಕೆ ಎಂಬ ಪ್ರಶ್ನೆಗೆ ಮೆಟಲ್‌ಗಿಂತ ಹಳೆಯ ಉತ್ತರವಿದೆ. ಆ ದೇಶದ ಒಂದು ಇಡೀ ಪೀಳಿಗೆ ಎಲೆಕ್ಟ್ರಿಕ್ ಗಿಟಾರಿಗೆ ಮನಸೋತದ್ದು ಹಾಡುಗಾರರಿಲ್ಲದ ಸಂಗೀತದ ಮೂಲಕ. ಅಮೆರಿಕದ ವೆಂಚರ್ಸ್ ಎಂಬ ವಾದ್ಯತಂಡ 1962ರಲ್ಲಿ ಮೊದಲು ಅಲ್ಲಿಗೆ ಹೋಯಿತು; 1965ರ ಪ್ರವಾಸದ ವೇಳೆಗೆ ದೇಶಕ್ಕೆ ದೇಶವೇ ಹುಚ್ಚೆದ್ದಿತ್ತು. ಇಂಗ್ಲಿಷ್ ಬಾರದ ಹುಡುಗರಿಗೆ ಭಾಷೆಯ ತೊಡಕಿಲ್ಲದ ಸಂಗೀತವೊಂದು ಸಿಕ್ಕಿತ್ತು. ಪಿಕ್ ಎಂಬ ಚಿಕ್ಕ ಬಿಲ್ಲೆಯಿಂದ ಬಿಡದೆ ಮೀಟುತ್ತಾ ದಪ್ಪ ತಂತಿಯ ಮೇಲೆ ಎಡಗೈಯನ್ನು ಕೆಳಕ್ಕೆ ಜಾರಿಸಿದಾಗ ಬರುವ ಸದ್ದಿಗೆ ಜಪಾನೀಯರು 'ತೆಕೆ-ತೆಕೆ' ಎಂಬ ಅನುಕರಣ ಪದವನ್ನೇ ಬಳಸತೊಡಗಿದರು. ಈ ಅಲೆಗೆ 'ಎಲೆಕಿ' ಎಂದು ಹೆಸರು ಬಿತ್ತು. ಹಿರಿಯರಿಗೆ ಇದು ಪುಂಡಾಟಿಕೆಯಾಗಿ ಕಂಡಿತು. 1965ರಲ್ಲಿ ತೊಚಿಗಿ ಪ್ರಾಂತದ ಅಶಿಕಾಗಾ ನಗರದ ಶಿಕ್ಷಣ ಮಂಡಳಿ ವಿದ್ಯಾರ್ಥಿಗಳು ಎಲೆಕಿ ಸಂಗೀತದಿಂದ ದೂರವಿರಬೇಕೆಂದು ಕಟ್ಟಪ್ಪಣೆ ಮಾಡಿತು. ಇದಕ್ಕೆ ಪ್ರತಿಯಾಗಿ ನಿಂತವರು ತಕೇಶಿ ತೆರಾವುಚಿ ಎಂಬ ಅಸಾಧಾರಣ ವಾದಕರು. ಗಿಟಾರಿನ ಮೇಲಿನ ಅಪವಾದ ತೊಡೆಯಲೆಂದು ಅವರು ಪ್ರೌಢಶಾಲೆಗಳಿಗೇ ಹೋಗಿ ಕಛೇರಿ ಮಾಡಿದರು, ಜಪಾನಿನ ಜಾನಪದ ಧಾಟಿಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದರು, 1967ರಲ್ಲಿ ಬೀಥೋವನ್‌ನ ಐದನೆಯ ಸಿಂಫನಿಯನ್ನು ರಾಕ್ ವಾದ್ಯಕೃತಿಯಾಗಿಸಿ ಧ್ವನಿಮುದ್ರಿಸಿದರು. ಶಾಸ್ತ್ರೀಯ ಸಂಗೀತವನ್ನು ವೇಗದ ಮೀಟಿಗೆ ಒಗ್ಗಿಸುವ ಕೆಲಸ ಜಪಾನಿನಲ್ಲಿ ಮೆಟಲ್ ಹುಟ್ಟುವುದಕ್ಕೆ ಮೊದಲೇ ನಡೆದಿತ್ತೆಂಬುದನ್ನು ಗಮನಿಸಿ.

ಆಮೇಲೆ ಎಪ್ಪತ್ತರ ದಶಕದ ಕೊನೆಗೆ ಕ್ಯಾಸಿಯೋಪಿಯಾ, ಟಿ-ಸ್ಕ್ವೇರ್‌ನಂಥ, ಜಾಝ್ ಮತ್ತು ರಾಕ್ ಬೆರೆಸುವ ಫ್ಯೂಷನ್ ತಂಡಗಳು ವಾದ್ಯಸಂಗೀತವನ್ನು ಜನಪ್ರಿಯ ಸಂಗೀತದ ಮುಖ್ಯ ಬೀದಿಗೇ ತಂದವು. ಟಿ-ಸ್ಕ್ವೇರ್‌ನ ಒಂದು ಕೃತಿ ಫಾರ್ಮುಲಾ ಒನ್ ಕಾರು ಪಂದ್ಯಗಳ ಪ್ರಸಾರದ ಧಾಟಿಯಾಗಿ ಮನೆಮನೆಯನ್ನು ತಲುಪಿತು. ಒಸಾಕಾದ ಲೌಡ್‌ನೆಸ್ ತಂಡದ ಅಕಿರಾ ತಕಾಸಾಕಿ ಎಂಬತ್ತರ ದಶಕದಲ್ಲಿ ಜಪಾನಿ ಮೆಟಲ್ ಗಿಟಾರನ್ನು ಜಗತ್ತಿನ ಮುಂದೆ ನಿಲ್ಲಿಸಿದರು. 1969ರಿಂದ ಬರುತ್ತಿರುವ 'ಯಂಗ್ ಗಿಟಾರ್' ಎಂಬ ಪತ್ರಿಕೆಯಂತೂ ಸ್ವರಲಿಪಿ, ಬೆರಳುಗಾರಿಕೆ, ಅಭ್ಯಾಸಪಾಠಗಳನ್ನು ತಿಂಗಳು ತಿಂಗಳೂ ಊರೂರಿಗೆ ಮುಟ್ಟಿಸಿತು. ಇದೆಲ್ಲದರಿಂದ, ಹಾಡುಗಾರರಿಲ್ಲದ ತಂಡವನ್ನು ಅರ್ಧ ಮಾತ್ರ ಕಟ್ಟಿದ ತಂಡವೆಂದು ನೋಡದ ಕೇಳುಗವರ್ಗವೊಂದು ಅಲ್ಲಿ ಮೊದಲೇ ಸಿದ್ಧವಾಗಿತ್ತು.

ಮಹಿಳೆಯರ ವಿಚಾರದಲ್ಲಿ ಎರಡು ಹೊಳೆಗಳು ಸೇರಿವೆ. ಮೊದಲನೆಯದು ಮನೆ ಮತ್ತು ಶಾಲೆ. ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವುದು ಜಪಾನಿನ ಮಧ್ಯಮವರ್ಗದ ಮನೆಗಳಲ್ಲಿ ದೀರ್ಘಕಾಲದ ರೂಢಿ. ಯಮಹಾ ಸಂಸ್ಥೆಯ ಸಂಗೀತ ತರಗತಿಗಳು 1954ರಲ್ಲಿಯೇ ಆರಂಭವಾದವು. ಲವ್‌ಬೈಟ್ಸ್ ತಂಡದ ಮಿಯಾಕೊ ಅವರಂತೆ ಪಿಯಾನೊದ ಶಾಸ್ತ್ರೀಯ ಶಿಕ್ಷಣ ಪಡೆದು ಗಿಟಾರಿಗೆ ಬಂದವರಿಗೆ ಸ್ವರಜ್ಞಾನ, ಅಭ್ಯಾಸದ ಶಿಸ್ತು, ಎರಡು ಕೈಗಳ ಸ್ವಾತಂತ್ರ್ಯ ಇವೆಲ್ಲ ಬುತ್ತಿಯಾಗಿ ಜೊತೆಗಿರುತ್ತವೆ. ಪ್ರೌಢಶಾಲೆಗಳಲ್ಲಿ 'ಕೇಯೊನ್' ಎಂದು ಕರೆಯುವ ಲಘು ಸಂಗೀತ ಕೂಟಗಳಿದ್ದು, ಅಲ್ಲಿ ತರಗತಿ ಮುಗಿದ ಮೇಲೆ ಹುಡುಗಿಯರು ತಾವೇ ತಂಡ ಕಟ್ಟಿ ನುಡಿಸುವುದು ವಿಶೇಷವೇ ಅಲ್ಲ. ಎರಡನೆಯ ಹೊಳೆ ವೇದಿಕೆಯದು. 1985ರಲ್ಲಿ ಮೊದಲ ಆಲ್ಬಮ್ ಹೊರತಂದ ಶೋ-ಯಾ ಎಂಬ ಮಹಿಳಾ ಹಾರ್ಡ್ ರಾಕ್ ತಂಡ, 1987ರಲ್ಲಿ ಟೋಕಿಯೊದ ಹಿಬಿಯಾ ಬಯಲು ರಂಗಮಂದಿರದಲ್ಲಿ ಮಹಿಳೆಯರಿಗಾಗಿಯೇ 'ನಾಓನ್ ನೊ ಯಾಓನ್' ಎಂಬ ಸಂಗೀತೋತ್ಸವ ನಡೆಸಿತು. ಮುಂದೆ 2005ರಲ್ಲಿ ಮಿನಾ ಎಂಬ ಗಿಟಾರ್ ವಾದಕಿ ಕಟ್ಟಿದ ಡೆಸ್ಟ್‌ರೋಸ್ ತಂಡ ಹತ್ತು ವರ್ಷಗಳಲ್ಲಿ ಸದಸ್ಯರನ್ನು ಮತ್ತೆ ಮತ್ತೆ ಬದಲಿಸಿತು. ಅಲ್ಲಿಂದ ಹೊರಬಂದವರೇ ಮೇರೀಸ್ ಬ್ಲಡ್, ಲವ್‌ಬೈಟ್ಸ್, ಫೇಟ್ ಗಿಯರ್ ತಂಡಗಳ ಬುನಾದಿಯಾದರು. ಒಂದು ತಂಡ ಉಳಿಯದೆಯೂ ಒಂದು ಗುರುಕುಲದ ಕೆಲಸ ಮಾಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವಿಡಿಯೊಗಳ ತಲೆಬರಹಗಳು ಈ ವಾದಕಿಯರನ್ನು ಒಂದು ವಿಸ್ಮಯವೆಂಬಂತೆ ಬಿಂಬಿಸುತ್ತವೆ: ಹೆಣ್ಣಾಗಿದ್ದೂ ಹೀಗೆ, ಇಷ್ಟು ಚಿಕ್ಕವಳಾಗಿದ್ದೂ ಹೀಗೆ. ಆ ನೋಟ ನಮ್ಮ ಕಿವಿಯನ್ನು ಕೆಡಿಸುತ್ತದೆ, ಏಕೆಂದರೆ ಬೆರಗು ಮುಗಿದ ಕೂಡಲೇ ಕೇಳುವುದೂ ಮುಗಿಯುತ್ತದೆ. 2005ರಲ್ಲಿ ಹುಟ್ಟಿದ ಗಿಟಾರ್ ವಾದಕಿ ಲೀ-ಸಾ-ಎಕ್ಸ್ ಅವರ ದಾರಿಯನ್ನು ನೋಡಿ. ರೇಸರ್ ಎಕ್ಸ್ ತಂಡದ ಅತಿ ಕಠಿಣವಾದ ಒಂದು ವಾದ್ಯಕೃತಿಯನ್ನು ಎಂಟನೆಯ ವಯಸ್ಸಿನಲ್ಲಿ ನುಡಿಸಿದ ವಿಡಿಯೊ ಜಗತ್ತಿನಾದ್ಯಂತ ಹರಡಿ, ಆ ಕೃತಿಯ ಗಿಟಾರ್ ವಾದಕ ಪಾಲ್ ಗಿಲ್ಬರ್ಟ್ ಅವರ ಗಮನಕ್ಕೂ ಬಂತು. ಬಹಳಷ್ಟು ಜನ ನೋಡಿ ಚಪ್ಪಾಳೆ ತಟ್ಟಿ ಅಲ್ಲಿಗೇ ಮರೆತರು. ಆದರೆ ನಿಜವಾಗಿ ಕೇಳಬೇಕಾದುದು ಅದರ ನಂತರದ್ದು: 2017ರ 'ಸೆರೆಂಡಿಪಿಟಿ', 2018ರ 'ವಿಲ್ ಬಿ ಮೈ ಯೆಸ್ಟರ್‌ಡೇ'. ಇನ್ನೊಬ್ಬರ ಪಂಕ್ತಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಕೈ ತನ್ನದೇ ಪಂಕ್ತಿಯನ್ನು ಹುಡುಕಿಕೊಳ್ಳುವುದು, ಹಾಗೆ ಹುಡುಕುವಾಗ ವೇಗವನ್ನು ತಗ್ಗಿಸಲು ಕಲಿಯುವುದು, ಇವುಗಳನ್ನು ಒಂದರ ಹಿಂದೆ ಒಂದು ಕೇಳಿದರೆ ಕಲಾವಿದೆಯೊಬ್ಬರು ಬೆಳೆಯುವುದನ್ನೇ ಕೇಳಿದಂತಾಗುತ್ತದೆ.

ಫುಕುಓಕಾದ ಆಸ್ಟೆರಿಸಂ ಇನ್ನೊಂದು ಬಗೆಯದು. ಮೂವರೇ ಇರುವ ಈ ತಂಡದಲ್ಲಿ ಬಾಸ್ ನುಡಿಸುವ ಮಿಯು, ಡ್ರಮ್ಸ್ ನುಡಿಸುವ ಮಿಯೊ ಅಣ್ಣತಮ್ಮಂದಿರು. ಗಿಟಾರ್ ಹರುಕಾ ಅವರದು. ಎರಡನೆಯ ಗಿಟಾರ್ ಇಲ್ಲದಿರುವುದರಿಂದ ಹರುಕಾ ರಿಫ್ ಬಿಟ್ಟು ರಾಗಪಂಕ್ತಿಗೆ ಏರಿದ ಕ್ಷಣ ಕೆಳಗೆ ದೊಡ್ಡ ಜಾಗ ತೆರವಾಗುತ್ತದೆ, ಅದನ್ನು ಬಾಸ್ ಒಬ್ಬನೇ ತುಂಬಬೇಕಾಗುತ್ತದೆ. ಆ ತುಂಬುವಿಕೆಯಲ್ಲಿ ಫಂಕ್ ಸಂಗೀತದ ಲಯಗಾರಿಕೆ ನುಸುಳುತ್ತದೆ. ಈ ತಂಡವನ್ನು ಕೇಳುವಾಗ ನನ್ನ ಸಲಹೆ ತುಸು ವಿಚಿತ್ರವೆನಿಸಬಹುದು: ಹರುಕಾ ಅವರನ್ನು ಬಿಟ್ಟು ಮಿಯು ಅವರನ್ನು ಕೇಳಿ. ಆಗ ಗಿಟಾರ್ ಏಕೆ ಅಲ್ಲಿ ಹಾಗೆ ತಿರುಗಿತು ಎಂಬುದು ತಿಳಿಯುತ್ತದೆ.

ವೇಗದ ಮೋಹವನ್ನು ಪೂರ್ತಿ ಬಿಡಿಸಬಲ್ಲ ಒಬ್ಬ ವಾದಕಿಯಿದ್ದಾರೆ: ಬೋರಿಸ್ ತಂಡದ ವಾತಾ. 1992ರಲ್ಲಿ ಹುಟ್ಟಿದ ಈ ಟೋಕಿಯೊ ತಂಡ ಹಾಡುಗಳನ್ನೂ ಮಾಡಿದೆ, ಆದರೆ ಅದರ ಅತ್ಯಂತ ಗಾಢವಾದ ಕೆಲಸ ವಾದ್ಯವೇ ಪ್ರಧಾನವಾದ ದೀರ್ಘ ಕೃತಿಗಳಲ್ಲಿದೆ. 2000ದಲ್ಲಿ ಬಂದ 'ಫ್ಲಡ್' ನಾಲ್ಕು ಭಾಗಗಳಲ್ಲಿ ಸುಮಾರು ಎಪ್ಪತ್ತು ನಿಮಿಷ ಹರಿಯುತ್ತದೆ. ಗಿಟಾರಿನ ಒಂದು ಪುಟ್ಟ ಸ್ವರಗುಚ್ಛ ಮರುಕಳಿಸುತ್ತಾ, ತನ್ನ ಪ್ರತಿರೂಪದಿಂದಲೇ ಕ್ರಮೇಣ ಸರಿಯುತ್ತಾ ಹೋಗುತ್ತದೆ. ಮಳೆ ಹಿಡಿದ ದಿನ ಸೂರಿನ ಹನಿಗಳ ಲೆಕ್ಕ ತಪ್ಪುವಂತೆ ಕೇಳುಗರ ಲೆಕ್ಕ ತಪ್ಪುತ್ತದೆ. ಬಹುಕಾಲದ ಬಳಿಕ ಭಾರವಾದ ನಾದ ಬಂದೆರಗಿದಾಗ ಅದರ ತೂಕ ಮೈಗೆ ತಾಗುತ್ತದೆ. ವಾತಾ ಮೀಟುವ ಸ್ವರಗಳು ಕಡಿಮೆ. ಒಂದೊಂದು ಸ್ವರವೂ ಆಂಪ್ಲಿಫೈಯರ್‌ನಲ್ಲಿ ಕೊರಗುತ್ತಾ, ಒಡೆಯುತ್ತಾ, ಪ್ರತಿಧ್ವನಿಯಾಗುತ್ತಾ ಎಷ್ಟು ಹೊತ್ತು ಬದುಕಬಲ್ಲದೆಂಬುದನ್ನು ಅವರಷ್ಟು ಬಲ್ಲವರು ವಿರಳ. ನಿಪುಣತೆ ಎಂಬ ಪದಕ್ಕೆ ನಾನು ಕೊಡುವ ಅರ್ಥದಲ್ಲಿ ಅವರು ಈ ಉತ್ತರದಲ್ಲಿ ಹೆಸರಿಸಿರುವ ಯಾರಿಗೂ ಕಡಿಮೆಯಲ್ಲ. ಗಿಟಾರಿನ ನಾದ ಬದಲಿಸುವ ಎಫೆಕ್ಟ್ ಪೆಡಲ್ ತಯಾರಿಸುವ ಅಮೆರಿಕದ ಅರ್ಥ್‌ಕ್ವೇಕರ್ ಡಿವೈಸಸ್ ಸಂಸ್ಥೆ, ವಾತಾ ಅವರ ಫಜ್ ಎಂಬ ಒಡೆದ ನಾದವನ್ನೇ ಆಧರಿಸಿ ಹಿಜುಮಿಟಾಸ್ ಎಂಬ ಪೆಡಲ್ ಮಾಡಿರುವುದು ಅದಕ್ಕೆ ಸಂದ ಮನ್ನಣೆ.

ಹಾಡುಗಾರರಿರುವ ತಂಡಗಳಲ್ಲಿಯೂ ಕೇಳಬೇಕಾದ ಗಿಟಾರ್ ವಾದಕಿಯರು ಹಲವರಿದ್ದಾರೆ: ಲವ್‌ಬೈಟ್ಸ್‌ನ ಮಿಯಾಕೊ ಮತ್ತು ಮಿಡೋರಿ ಜೋಡಿ, ನೆಮೊಫಿಲಾದಲ್ಲಿದ್ದ ಸಾಕಿ, ಬ್ಯಾಂಡ್-ಮೇಡ್‌ನ ಕನಾಮಿ. ಕನಾಮಿ ಅವರ ತಂಡ 2022ರ 'ಅನ್‌ಲೀಶ್' ಸಂಪುಟವನ್ನು 'ಫ್ರಮ್ ನೌ ಆನ್' ಎಂಬ ಶುದ್ಧ ವಾದ್ಯಕೃತಿಯಿಂದಲೇ ಆರಂಭಿಸಿದೆ. ಹಾಡಿನ ತಂಡವೊಂದು ಕಂಠವನ್ನು ಪಕ್ಕಕ್ಕಿಟ್ಟಾಗ ಗಿಟಾರ್ ಹೇಗೆ ಮುಂದೆ ಬಂದು ನಿಲ್ಲುತ್ತದೆಂದು ನೋಡಲು ಅದು ಅನುಕೂಲ.

ಕ್ರಮದ ಬಗ್ಗೆ ಹೇಳುವುದಾದರೆ, ದಿನಕ್ಕೆ ಎರಡೇ ಕೃತಿ ಕೇಳಿ, ಮೂರನೆಯದಕ್ಕೆ ಕೈ ಹಾಕಬೇಡಿ. ಮೊದಲ ವಾರ ಡಿ-ಡ್ರೈವ್ ಸಾಕು. ಆಮೇಲೆ ಲೀ-ಸಾ-ಎಕ್ಸ್ ಅವರ ಎರಡು ಸಂಪುಟಗಳನ್ನು ಬಂದ ಕ್ರಮದಲ್ಲಿಯೇ ಕೇಳಿ, ಅನಂತರ ಆಸ್ಟೆರಿಸಂ. ಇಷ್ಟಾಗುವಾಗ ಕಿವಿ ದಣಿದಿರುತ್ತದೆ. ಆಗ ಒಂದು ಸಂಜೆ ಬೇರೇನೂ ಕೆಲಸವಿಟ್ಟುಕೊಳ್ಳದೆ ಬೋರಿಸ್ ಕೇಳಿ. ವಿಡಿಯೊ ನೋಡುವುದಾದರೆ ಸ್ಟುಡಿಯೊದಲ್ಲಿ ತಿದ್ದಿ ಜೋಡಿಸಿದ ಚಿತ್ರೀಕರಣಕ್ಕಿಂತ ಕಛೇರಿಯ ಚಿತ್ರೀಕರಣವನ್ನೇ ಆರಿಸಿ, ಏಕೆಂದರೆ ಬೆರಳು ತಂತಿಯನ್ನು ಬಿಡುವಾಗಿನ ಕಿರುಸದ್ದು, ಒಂದು ಪಂಕ್ತಿ ಮುಗಿದು ಇನ್ನೊಂದು ಆರಂಭವಾಗುವ ಮುನ್ನ ತಂಡದವರು ಪರಸ್ಪರ ನೋಡಿಕೊಳ್ಳುವ ಆ ಕ್ಷಣ, ಇವೆಲ್ಲ ಅಲ್ಲಿ ಮಾತ್ರ ಉಳಿದಿರುತ್ತವೆ. ಕೊನೆಯಲ್ಲಿ ತೆರಾವುಚಿ ಅವರ 1967ರ ಬೀಥೋವನ್ ಧ್ವನಿಮುದ್ರಿಕೆಗೆ ಹೋಗಿ, ಅದು ಮುಗಿದ ಕೂಡಲೇ ಹರುಕಾ ಅವರ ಬಲಗೈಯನ್ನಷ್ಟೇ ನೋಡುತ್ತಾ ಆಸ್ಟೆರಿಸಂನ ಯಾವುದಾದರೂ ಕಛೇರಿಯನ್ನು ಮತ್ತೊಮ್ಮೆ ಹಾಕಿಕೊಳ್ಳಿ. ನಡುವೆ ಐವತ್ತು ವರ್ಷಗಳಿದ್ದರೂ ಪಿಕ್ ಮೇಲೆ ಕೆಳಗೆ ಆಡುವ ಆ ಬಿಡುವಿಲ್ಲದ ಮೀಟನ್ನು ನೀವು ಗುರುತಿಸುತ್ತೀರಿ.